ಚಿತ್ರಪುಸ್ತಕ ಓದಿದರೆ ಮಗುವಿನಲ್ಲಿ ಅಂತಃಕರಣ ಬೆಳೆಯುತ್ತದೆಯೇ?

ಚಿಕ್ಕ ಮಕ್ಕಳಿಗೆ ಕಥೆಗಳ ಮೂಲಕ ದಯೆ, ಭಾವನೆ, ಮನಸ್ಸಿನ ನೆಮ್ಮದಿ ಕಲಿಸುವ ವಿಷಯದಲ್ಲಿ ಈಚಿನ ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಪೋಷಕರಿಗೂ ಶಿಕ್ಷಕರಿಗೂ ದಾರಿ ಕಾಣದಂತಾಗುತ್ತದೆ. ಮಕ್ಕಳಿಗೆಲ್ಲ ಒಟ್ಟಾಗಿ ಮನಸ್ಸಿನ ನೆಮ್ಮದಿಯ ಪಾಠ ಹೇಳಿದ್ದರಿಂದ ವಿಶೇಷ ಲಾಭವೇನೂ ಆಗಲಿಲ್ಲ ಎಂದು 2022ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ಹೇಳಿತು. ಮರುವರ್ಷ, 53 ದೇಶಗಳ 424 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಇದಕ್ಕೆ ವಿರುದ್ಧವಾದ ಮಾತು ಹೇಳಿತು: ಭಾವನೆ ಮತ್ತು ಸಹಬಾಳ್ವೆ ಕಲಿಸುವ ಶಾಲಾ ಕಾರ್ಯಕ್ರಮಗಳಿಂದ ಮಕ್ಕಳ ನಡವಳಿಕೆ, ಗೆಳೆತನ, ಓದು ಎಲ್ಲವೂ ಸುಧಾರಿಸುತ್ತವೆ. 2025ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ ಇನ್ನೊಂದು ದಿಕ್ಕಿನಿಂದ ಈ ವಿಷಯಕ್ಕೆ ಬಂತು. ಶಾಲೆಯಲ್ಲಿ ಕೆಲವು ಚಿತ್ರಪುಸ್ತಕಗಳನ್ನು ಓದುವಾಗ ತಮ್ಮ ಮಕ್ಕಳನ್ನು ಹೊರಗಿಡುವ ಅವಕಾಶ ಪೋಷಕರಿಗೆ ಇರಬೇಕು ಎಂದು ಅದು 6–3ರ ಬಹುಮತದಿಂದ ಹೇಳಿತು.

ಹಾಗಾದರೆ ಈ ಪುಸ್ತಕಗಳು ಒಳ್ಳೆಯವೋ, ನಿಷ್ಪ್ರಯೋಜಕವೋ, ಅಪಾಯಕಾರಿಯೋ? ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಮೂರೂ ಸುದ್ದಿಗಳು ಮೂರು ಬೇರೆ ವಯಸ್ಸಿನ, ಬೇರೆ ವಿಧಾನದ, ಬೇರೆ ತಕರಾರಿನ ಸುದ್ದಿಗಳು. ಅವುಗಳನ್ನು ಬಿಡಿಸಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಗುವನ್ನು ಬದಲಿಸುವ ಕೆಲಸದಲ್ಲಿ ಪುಸ್ತಕದ ಸಂದೇಶಕ್ಕಿಂತ ಪುಸ್ತಕದ ಸುತ್ತ ನಡೆಯುವ ಮಾತುಕತೆಯ ಪಾಲು ದೊಡ್ಡದು. ಆದರೆ ಹಣ, ಆದೇಶ, ಜಗಳ ಎಲ್ಲವೂ ಸಂದೇಶದ ಸುತ್ತಲೇ ಸುತ್ತುತ್ತಿವೆ.

ಈ ಬೇಡಿಕೆ ಹುಟ್ಟಿದ್ದೇಕೆ?

ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ಆತಂಕ ಹೆಚ್ಚಿರುವುದಕ್ಕೆ ಕಾರಣಗಳಿವೆ. 10ರಿಂದ 19 ವರ್ಷದೊಳಗಿನ ಏಳು ಮಕ್ಕಳಲ್ಲಿ ಒಬ್ಬರು ಯಾವುದಾದರೊಂದು ಮಾನಸಿಕ ತೊಂದರೆ ಅನುಭವಿಸುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2020ರ ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ, ಅದು ತುತ್ತತುದಿಯಲ್ಲಿದ್ದ ಹೊತ್ತಿಗೆ 160 ಕೋಟಿಯಷ್ಟು ವಿದ್ಯಾರ್ಥಿಗಳು ಮನೆಯಲ್ಲಿದ್ದರು ಎಂದು ಯುನೆಸ್ಕೊ ಲೆಕ್ಕ ಹಾಕಿತ್ತು. ಶಾಲೆಗಳು ತೆರೆದ ಮೇಲೆ ಅಕ್ಷರದ ಜೊತೆಗೆ ಒಡನಾಟವನ್ನೂ ಮತ್ತೆ ಕಲಿಸಬೇಕಾದೀತು ಎಂಬ ಚಿಂತೆ ಹಲವು ದೇಶಗಳ ಶಿಕ್ಷಣ ಇಲಾಖೆಗಳನ್ನು ಕಾಡಿತು.

ತೊಂದರೆ ಹದಿಹರೆಯದಲ್ಲಿ ಕಾಣಿಸಿಕೊಂಡರೂ ಬೇರು ಎಳವೆಯಲ್ಲೇ ಇರಬಹುದು ಎಂಬ ತರ್ಕದಿಂದ ಗಮನ ಮೂರರಿಂದ ಎಂಟು ವರ್ಷದ ಮಕ್ಕಳತ್ತ ಹೊರಳಿತು. ಆ ವಯಸ್ಸಿನ ಮಕ್ಕಳ ಕೈಗೆ ಸುಲಭವಾಗಿ ಸಿಗುವ, ಹೆಚ್ಚು ವೆಚ್ಚವಿಲ್ಲದ, ವಿಶೇಷ ತಜ್ಞರನ್ನೂ ಬೇಡದ ಸಾಧನ ಚಿತ್ರಪುಸ್ತಕ. ಮುದ್ರಣದ ಹಾಳೆ ಮಡಚುವ ಲೆಕ್ಕಕ್ಕೆ ಹೊಂದುವಂತೆ ಸಾಮಾನ್ಯವಾಗಿ 32 ಪುಟಗಳಲ್ಲಿ ಮುಗಿಯುವ ಈ ಪುಟ್ಟ ಪುಸ್ತಕದ ಮೇಲೆ ಹೀಗೆ ಭಾರವಾದ ಜವಾಬ್ದಾರಿ ಬಿತ್ತು: ಕೋಪ ತಡೆಯುವುದು, ಭಯ ಎದುರಿಸುವುದು, ದುಃಖ ಹೇಳಿಕೊಳ್ಳುವುದು, ಬೇರೆಯವರ ನೋವು ತಿಳಿಯುವುದು, ಹಂಚಿಕೊಳ್ಳುವುದು.

ನೀತಿ ಹೇಳುವ ಹಳೆಯ ಹಂಬಲ

ಮಕ್ಕಳ ಪುಸ್ತಕದಿಂದ ಗುಣ ತಿದ್ದುವ ಆಸೆ ಹೊಸದಲ್ಲ. ಪಂಚತಂತ್ರದ ಚೌಕಟ್ಟಿನ ಕಥೆಯಲ್ಲಿ ವಿಷ್ಣುಶರ್ಮ ಮೂವರು ರಾಜಕುಮಾರರನ್ನು ಆರು ತಿಂಗಳಲ್ಲಿ ತಿದ್ದುವ ಭರವಸೆ ಕೊಡುತ್ತಾನೆ. ಅಲ್ಲಿ ಪ್ರಾಣಿಗಳ ಬಾಯಲ್ಲಿ ಬರುವುದು ಹೆಚ್ಚಾಗಿ ಲೋಕಜ್ಞಾನ: ಯಾರನ್ನು ನಂಬಬೇಕು, ಯಾರಿಂದ ದೂರವಿರಬೇಕು, ಬಲಿಷ್ಠನನ್ನು ಹೇಗೆ ಗೆಲ್ಲಬೇಕು. ಕರುಣೆ ಅದರ ಮುಖ್ಯ ಪಾಠವಲ್ಲ. ಯೂರೋಪಿನಲ್ಲಿ ಕೊಮೆನಿಯಸ್ 1658ರಲ್ಲಿ ಮಕ್ಕಳಿಗಾಗಿ ಚಿತ್ರಗಳಿರುವ ಪಠ್ಯವನ್ನು ಪ್ರಕಟಿಸಿದ. 1845ರಲ್ಲಿ ಫ್ರಾಂಕ್‌ಫರ್ಟಿನ ವೈದ್ಯರೊಬ್ಬರು ತಮ್ಮ ಪುಟ್ಟ ಮಗನಿಗೆಂದು ಬರೆದು ಪ್ರಕಟಿಸಿದ ಚಿತ್ರಪುಸ್ತಕದಲ್ಲಿ ಬೆಂಕಿಕಡ್ಡಿಯೊಡನೆ ಆಡಿದ ಹುಡುಗಿ ಸುಟ್ಟು ಬೂದಿಯಾಗುತ್ತಾಳೆ. ತಪ್ಪು ಮಾಡಿದರೆ ಶಿಕ್ಷೆ ಖಂಡಿತ ಎಂದು ಹೆದರಿಸಿದರೆ ಮಗು ಸರಿದಾರಿಗೆ ಬರುತ್ತದೆ ಎಂಬ ನಂಬಿಕೆ ಆ ಕಾಲದ್ದು.

ಇಪ್ಪತ್ತನೆಯ ಶತಮಾನದಲ್ಲಿ ಮನೋವಿಜ್ಞಾನ ಬೆಳೆದಂತೆ ಹೆದರಿಕೆಯ ಜಾಗಕ್ಕೆ ಮಗುವಿನ ಒಳಮನಸ್ಸು ಬಂತು. 1990ರಲ್ಲಿ ಅಮೆರಿಕದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ ಒಂದು ಮುಖ್ಯವಾದ ವಿಚಾರ ಮಂಡಿಸಿದರು. ಪುಸ್ತಕ ಮಗುವಿಗೆ ತನ್ನನ್ನೇ ತೋರಿಸುವ ಕನ್ನಡಿಯಾಗಬೇಕು, ಬೇರೆಯವರ ಬದುಕನ್ನು ತೋರಿಸುವ ಕಿಟಕಿಯೂ ಆಗಬೇಕು. ತನ್ನ ಮುಖವನ್ನು ಯಾವ ಪುಸ್ತಕದಲ್ಲೂ ಕಾಣದ ಮಗು ತನಗೆ ಬೆಲೆಯಿಲ್ಲವೆಂದು ಕಲಿಯುತ್ತದೆ, ಬರೀ ತನ್ನ ಮುಖವನ್ನೇ ಕಾಣುವ ಮಗು ಲೋಕವೆಲ್ಲ ತನ್ನಂತೆಯೇ ಎಂದು ಕಲಿಯುತ್ತದೆ. ಯಾವ ಮಕ್ಕಳ ಕಥೆ ಪುಸ್ತಕವಾಗಬೇಕು ಎಂಬ ಇಂದಿನ ಚರ್ಚೆಯ ಹಿಂದೆ ಈ ವಿಚಾರವಿದೆ. 1994ರಲ್ಲಿ ಅಮೆರಿಕದಲ್ಲಿ ಭಾವನೆ ಮತ್ತು ಸಾಮಾಜಿಕ ಕಲಿಕೆಗೆಂದೇ ಒಂದು ಸಂಸ್ಥೆ ಹುಟ್ಟಿ, ಅದೊಂದು ಪಠ್ಯಕ್ರಮದ ರೂಪ ಪಡೆಯಿತು. ನೀತಿಕಥೆಯ ಕೊನೆಯಲ್ಲಿ ಬರುತ್ತಿದ್ದ ಒಂದು ಸಾಲಿನ ನೀತಿ, ಈಗ ಪುಸ್ತಕದ ಕೊನೆಯ ಪುಟದಲ್ಲಿ ಪೋಷಕರಿಗೆ ಕೊಡುವ ಮಾರ್ಗದರ್ಶನವಾಗಿ ಬರುತ್ತಿದೆ. ರೂಪ ಬದಲಾಗಿದೆ, ಹಂಬಲ ಅದೇ.

ಪುಟದ ಮೇಲೆ ಮಗು ಮಾಡುವ ಕೆಲಸ

ಈ ಹಂಬಲಕ್ಕೆ ಆಧಾರವಿಲ್ಲವೆಂದಲ್ಲ. ಚಿತ್ರಪುಸ್ತಕದಲ್ಲಿ ಮಾತು ಒಂದನ್ನು ಹೇಳುತ್ತದೆ, ಚಿತ್ರ ಇನ್ನೊಂದನ್ನು ತೋರಿಸುತ್ತದೆ. "ನನಗೇನೂ ಬೇಜಾರಿಲ್ಲ" ಎಂದು ಪಾತ್ರ ಹೇಳುತ್ತಿದ್ದರೆ, ಚಿತ್ರದಲ್ಲಿ ಅದರ ಭುಜ ಕುಸಿದಿರುತ್ತದೆ, ಕಣ್ಣು ನೆಲ ನೋಡುತ್ತಿರುತ್ತದೆ. ಓದಲು ಬಾರದ ಮಗು ಚಿತ್ರವನ್ನೇ ಹೆಚ್ಚು ಗಮನಿಸುವುದರಿಂದ ಈ ವ್ಯತ್ಯಾಸ ಅದಕ್ಕೆ ಬೇಗ ಕಾಣುತ್ತದೆ. ನಿಜ ಜೀವನದಲ್ಲಿ ಮುಖಭಾವ ಕ್ಷಣದಲ್ಲಿ ಮಾಯವಾಗುತ್ತದೆ. ಪುಟದ ಮೇಲೆ ಅದು ಮಗು ನೋಡಿ ಮುಗಿಸುವವರೆಗೂ ಕದಲದೆ ನಿಲ್ಲುತ್ತದೆ. ತಿರುಗಿಸಿ ಹಿಂದಿನ ಪುಟಕ್ಕೆ ಹೋಗಿ, ಈ ದುಃಖ ಯಾವಾಗ ಶುರುವಾಯಿತು ಎಂದು ಹುಡುಕಬಹುದು. ಕಾರಣ ಮತ್ತು ಭಾವನೆಯ ನಂಟನ್ನು ಇಷ್ಟು ಸಾವಧಾನವಾಗಿ ನೋಡುವ ಅವಕಾಶ ಮಗುವಿಗೆ ಬೇರೆಡೆ ಸಿಗುವುದು ಕಡಿಮೆ.

ವಯಸ್ಸೂ ಇದಕ್ಕೆ ಹೊಂದುತ್ತದೆ. ಬೇರೆಯವರು ತನಗಿಂತ ಭಿನ್ನವಾಗಿ, ತಪ್ಪಾಗಿಯೂ ಯೋಚಿಸುತ್ತಿರಬಹುದು ಎಂಬುದು ಮಕ್ಕಳಿಗೆ ಸುಮಾರು ನಾಲ್ಕರಿಂದ ಐದು ವರ್ಷದ ಹೊತ್ತಿಗೆ ಹೊಳೆಯುತ್ತದೆ. ವಿಮ್ಮರ್ ಮತ್ತು ಪೆರ್ನರ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಇದು ಮನೋವಿಜ್ಞಾನದ ದೊಡ್ಡ ಅಧ್ಯಾಯವಾಯಿತು. ಮರದ ಹಿಂದೆ ಅಡಗಿದವನು ಓದುವ ಮಗುವಿಗೆ ಕಾಣುತ್ತಾನೆ, ಕಥೆಯ ಪಾತ್ರಕ್ಕೆ ಕಾಣುವುದಿಲ್ಲ ಎಂಬಂಥ ಚಿತ್ರ ಈ ತಿಳಿವಳಿಕೆಗೆ ಸಹಜವಾದ ಅಭ್ಯಾಸ. ಭಾವನೆಗೆ ಹೆಸರಿಡುವುದರಿಂದ ಅದರ ಕಾವು ತಗ್ಗುತ್ತದೆ ಎಂಬುದಕ್ಕೂ ಪುರಾವೆಯಿದೆ: 2007ರಲ್ಲಿ ಲೀಬರ್‌ಮನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಚಿತ್ರದಲ್ಲಿನ ಮುಖಭಾವಕ್ಕೆ ಪದ ಹುಡುಕಿದಾಗ ಮಿದುಳಿನ ಭಯಕೇಂದ್ರದ ಚಟುವಟಿಕೆ ಕಡಿಮೆಯಾಯಿತು. ಆದರೆ ಆ ಅಧ್ಯಯನದಲ್ಲಿ ಪಾಲ್ಗೊಂಡವರು ವಯಸ್ಕರು. ಪುಸ್ತಕಗಳ ಬೆನ್ನುಪುಟದಲ್ಲಿ ವಿಜ್ಞಾನದ ಹೆಸರು ಹೇಳುವಾಗ ಇಂಥ ವಿವರ ಬಿಟ್ಟುಹೋಗುವುದುಂಟು.

ಹಂಚಿಕೊಳ್ಳುವ ಕಥೆ ಕೇಳಿದ ಮಕ್ಕಳು ಹಂಚಿಕೊಂಡರೇ?

ಸಾಧ್ಯತೆ ಒಂದು, ಫಲ ಇನ್ನೊಂದು. ಕಥೆ ಕೇಳಿದ ಮೇಲೆ ಮಗು ಏನು ಮಾಡುತ್ತದೆ ಎಂದು ನೇರವಾಗಿ ಪರೀಕ್ಷಿಸಿದ ಎರಡು ಅಧ್ಯಯನಗಳನ್ನು ತುಸು ವಿವರವಾಗಿ ನೋಡಬೇಕು. ಎರಡೂ ನಮ್ಮ ಸಾಮಾನ್ಯ ನಂಬಿಕೆಯನ್ನು ಅಲುಗಿಸುತ್ತವೆ.

ಮೊದಲನೆಯದು ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರದು, 2017ರಲ್ಲಿ ಪ್ರಕಟವಾದದ್ದು. ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಮೆಚ್ಚಿನ ಸ್ಟಿಕ್ಕರ್‌ಗಳನ್ನು ಕೊಟ್ಟು, ಸ್ಟಿಕ್ಕರ್ ಸಿಗದ ಇನ್ನೊಂದು ಮಗುವಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಆಮೇಲೆ ಹಂಚಿಕೊಳ್ಳುವುದರ ಬಗ್ಗೆ ಒಂದು ಕಥೆ ಓದಿದರು. ಕೆಲವರಿಗೆ ಓದಿದ ಪುಸ್ತಕದಲ್ಲಿ ಬಟ್ಟೆ ತೊಟ್ಟು ಮನುಷ್ಯರಂತೆ ಮಾತನಾಡುವ ಪ್ರಾಣಿಗಳಿದ್ದವು. ಕೆಲವರಿಗೆ ಅದೇ ಕಥೆಯಲ್ಲಿ ಪ್ರಾಣಿಗಳ ಬದಲು ಮನುಷ್ಯರ ಚಿತ್ರಗಳಿದ್ದವು. ಮೂರನೆಯ ಗುಂಪಿಗೆ ಹಂಚಿಕೆಗೆ ಸಂಬಂಧವೇ ಇಲ್ಲದ, ಬೀಜಗಳ ಬಗೆಗಿನ ಪುಸ್ತಕ. ಓದಿನ ನಂತರ ಮತ್ತೆ ಸ್ಟಿಕ್ಕರ್ ಕೊಟ್ಟಾಗ, ಮನುಷ್ಯ ಪಾತ್ರಗಳ ಕಥೆ ಕೇಳಿದ ಮಕ್ಕಳು ಮಾತ್ರ ಮೊದಲಿಗಿಂತ ಹೆಚ್ಚು ಕೊಟ್ಟರು. ಪ್ರಾಣಿಗಳ ಕಥೆ ಕೇಳಿದವರು ಕೊಟ್ಟದ್ದು ಮೊದಲಿಗಿಂತ ಕಡಿಮೆ. ಕಥೆ ಅದೇ, ನೀತಿ ಅದೇ, ಫಲ ಬೇರೆ. ಕಾರಣ ಏನಿರಬಹುದು? ಮಗು ಕಥೆಯಿಂದ ಕಲಿತದ್ದನ್ನು ತನ್ನ ಬದುಕಿಗೆ ತಂದುಕೊಳ್ಳಬೇಕಾದರೆ ಆ ಪಾತ್ರ ತನ್ನಂಥದ್ದೇ ಎಂದು ಅದಕ್ಕೆ ಅನ್ನಿಸಬೇಕು. ಪ್ರಾಣಿಗಳಿಗೂ ಮನುಷ್ಯರಂಥ ಗುಣಗಳಿವೆ ಎಂದು ಹೆಚ್ಚು ನಂಬಿದ ಮಕ್ಕಳು ಪ್ರಾಣಿಕಥೆ ಕೇಳಿದ ಮೇಲೂ ಹೆಚ್ಚು ಹಂಚಿಕೊಂಡರು ಎಂಬ ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಈ ವಿವರಣೆಯನ್ನು ಬೆಂಬಲಿಸುತ್ತದೆ.

ಇದರಿಂದ ಪ್ರಾಣಿಕಥೆಗಳನ್ನು ಮೂಲೆಗೆ ತಳ್ಳಬೇಕಿಲ್ಲ. ಸಾವು, ಒಂಟಿತನದಂಥ ನೇರವಾಗಿ ಎದುರಿಸಲಾಗದ ವಿಷಯಗಳನ್ನು ಮಗುವಿನಿಂದ ಸ್ವಲ್ಪ ದೂರ ನಿಲ್ಲಿಸಿ ತೋರಿಸಲು ಪ್ರಾಣಿ ಪಾತ್ರಗಳಷ್ಟು ಒದಗಿಬರುವಂಥವು ಬೇರೆ ಇಲ್ಲ. ಆದರೆ ಆ ದೂರವೇ ನಡವಳಿಕೆ ಕಲಿಸುವಾಗ ಅಡ್ಡಿಯಾಗುತ್ತದೆ.

ಎರಡನೆಯದು 2014ರ ಅಧ್ಯಯನ. ಮೂರರಿಂದ ಏಳು ವರ್ಷದ ಮಕ್ಕಳಿಗೆ, ಬೆನ್ನ ಹಿಂದೆ ಇಟ್ಟ ಆಟಿಕೆಯನ್ನು ತಿರುಗಿ ನೋಡಬಾರದು ಎಂದು ಹೇಳಿ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟರು. ಬಹಳಷ್ಟು ಮಕ್ಕಳು ಇಣುಕಿದರು. ಆಮೇಲೆ ಒಂದು ಕಥೆ ಓದಿ, ಇಣುಕಿದೆಯಾ ಎಂದು ಕೇಳಿದರು. ತೋಳ ಬಂತೆಂದು ಸುಳ್ಳು ಕೂಗಿದ ಹುಡುಗನ ಕಥೆ, ಸುಳ್ಳು ಹೇಳಿದಾಗ ಮೂಗು ಉದ್ದವಾಗುವ ಬೊಂಬೆಯ ಕಥೆ, ಇವೆರಡೂ ಮಕ್ಕಳನ್ನು ಪ್ರಾಮಾಣಿಕರನ್ನಾಗಿ ಮಾಡಲಿಲ್ಲ. ಪ್ರಾಮಾಣಿಕತೆಗೆ ಸಂಬಂಧವಿಲ್ಲದ ಆಮೆ ಮೊಲದ ಕಥೆ ಕೇಳಿದವರಿಗಿಂತ ಇವರು ಹೆಚ್ಚು ನಿಜ ಹೇಳಲಿಲ್ಲ. ಮರ ಕಡಿದದ್ದು ತಾನೇ ಎಂದು ಒಪ್ಪಿಕೊಂಡು ತಂದೆಯ ಮೆಚ್ಚುಗೆ ಪಡೆದ ಬಾಲಕ ಜಾರ್ಜ್ ವಾಷಿಂಗ್ಟನ್‌ನ ದಂತಕಥೆ ಕೇಳಿದ ಮಕ್ಕಳು ಮಾತ್ರ ಹೆಚ್ಚು ನಿಜ ಹೇಳಿದರು. ಸಂಶೋಧಕರು ಅಲ್ಲಿಗೆ ನಿಲ್ಲಿಸದೆ ಅದೇ ಕಥೆಯ ಕೊನೆಯನ್ನು ಬದಲಿಸಿ, ಸುಳ್ಳು ಹೇಳಿ ಕೆಟ್ಟ ಪರಿಣಾಮ ಅನುಭವಿಸುವಂತೆ ಮಾಡಿದರು. ಆಗ ಆ ಕಥೆಯ ಪ್ರಭಾವವೂ ಹೋಯಿತು. ತೋಳದ ಕಥೆಯನ್ನು ತಲೆಮಾರುಗಳಿಂದ ಇದೇ ಉದ್ದೇಶಕ್ಕೆ ಹೇಳಿಕೊಂಡು ಬಂದಿದ್ದೇವೆ. ಹೆದರಿಸುವ ಕೊನೆಗಿಂತ, ಒಳ್ಳೆಯದನ್ನು ಮಾಡಿದಾಗ ಹೇಗನ್ನಿಸುತ್ತದೆ ಎಂದು ತೋರಿಸುವ ಕೊನೆ ಚಿಕ್ಕ ಮಕ್ಕಳನ್ನು ಹೆಚ್ಚು ಮುಟ್ಟುತ್ತದೆ ಎಂಬುದು ಇಲ್ಲಿ ಕಾಣುವ ಸತ್ಯ.

ಎರಡೂ ಪ್ರಯೋಗಗಳು ಅಳೆದದ್ದು ಓದಿದ ಕೂಡಲೇ ಕಂಡ ನಡವಳಿಕೆಯನ್ನು. ಕಥೆಯ ನೀತಿ ಮಕ್ಕಳಿಗೆ ದೊಡ್ಡವರು ಅಂದುಕೊಂಡ ಹಾಗೆ ತಲುಪುವುದಿಲ್ಲ ಎಂಬುದನ್ನು ಡಾರ್ಸಿಯಾ ನಾರ್ವೇಜ್ ಮತ್ತು ಸಂಗಡಿಗರು 1999ರಲ್ಲೇ ತೋರಿಸಿದ್ದರು: ಕಥೆಯಲ್ಲಿ ಅಡಗಿದ ನೈತಿಕ ಆಶಯವನ್ನು ಗುರುತಿಸುವಲ್ಲಿ ಎಳೆಯ ಮಕ್ಕಳು ದೊಡ್ಡವರಿಗಿಂತ ಬಹಳ ಹಿಂದಿದ್ದರು. ಕಥೆ ಹೇಳಿದವರ ಮನಸ್ಸಿನಲ್ಲಿದ್ದ ನೀತಿ ಒಂದಾದರೆ, ಕೇಳಿದ ಮಗುವಿನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದಾಗಿರಬಹುದು.

ಪ್ರಶ್ನೆ ಕೇಳುವ ದೊಡ್ಡವರು

ಹಾಗಿದ್ದರೆ ಯಾವುದು ಫಲ ಕೊಡುತ್ತದೆ? 2013ರಲ್ಲಿ ಸೀಲಿಯಾ ಬ್ರೌನೆಲ್ ಮತ್ತು ಸಂಗಡಿಗರು ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳಿಗೆ ತಂದೆತಾಯಿಗಳು ಚಿತ್ರಪುಸ್ತಕ ಓದುವುದನ್ನು ಗಮನಿಸಿದರು. ಬೇರೆಯಾಗಿ, ಆ ಮಕ್ಕಳು ಇನ್ನೊಬ್ಬರಿಗೆ ಎಷ್ಟು ಬೇಗ ನೆರವಾಗುತ್ತಾರೆ, ಎಷ್ಟು ಹಂಚಿಕೊಳ್ಳುತ್ತಾರೆ ಎಂಬುದನ್ನೂ ನೋಡಿದರು. "ಇವನಿಗೆ ಈಗ ಹೇಗನ್ನಿಸುತ್ತಿದೆ? ಯಾಕೆ ಅಳುತ್ತಿದ್ದಾನೆ?" ಎಂದು ಕೇಳಿ ಮಗುವಿನ ಬಾಯಿಂದಲೇ ಉತ್ತರ ಹೊರಡಿಸುತ್ತಿದ್ದ ತಂದೆತಾಯಿಗಳ ಮಕ್ಕಳು ಹೆಚ್ಚು ನೆರವಾಗುತ್ತಿದ್ದರು, ಹೆಚ್ಚು ಹಂಚಿಕೊಳ್ಳುತ್ತಿದ್ದರು. ಭಾವನೆಗಳ ಬಗ್ಗೆ ದೊಡ್ಡವರು ತಾವೇ ಎಷ್ಟು ಮಾತನಾಡಿದರು ಎಂಬುದಕ್ಕೆ ಅಷ್ಟು ನಂಟಿರಲಿಲ್ಲ. ದೊಡ್ಡವರು ವಿವರಿಸುವುದಕ್ಕೂ ಮಗುವನ್ನು ಯೋಚಿಸಲು ಬಿಡುವುದಕ್ಕೂ ಇರುವ ಈ ವ್ಯತ್ಯಾಸದಲ್ಲಿ ಇಡೀ ಚರ್ಚೆಯ ತಿರುಳಿದೆ. ಇದು ನಂಟನ್ನು ತೋರಿಸುವ ಅಧ್ಯಯನ, ಕಾರಣವನ್ನು ಸಾಧಿಸುವಂಥದ್ದಲ್ಲ ಎಂಬುದನ್ನು ಮರೆಯಬಾರದು.

ಕಾರಣದ ಕಡೆಗೆ ಬೊಟ್ಟು ಮಾಡುವ ಕೆಲಸ ಇಟಲಿಯಲ್ಲಿ ನಡೆಯಿತು. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸುಮಾರು ಏಳು ವರ್ಷದ 110 ಮಕ್ಕಳಿಗೆ ಎರಡು ತಿಂಗಳ ಕಾಲ ಭಾವನೆಗಳಿಗೆ ಸಂಬಂಧಿಸಿದ ಕಥೆಗಳನ್ನು ಓದಲಾಯಿತು. ಒಂದು ಗುಂಪು ಓದಿದ ನಂತರ ಕಥೆಯಲ್ಲಿ ಬಂದ ಭಾವನೆಗಳ ಬಗ್ಗೆ ಒಟ್ಟಿಗೆ ಕುಳಿತು ಮಾತನಾಡಿತು. ಇನ್ನೊಂದು ಗುಂಪು ಅದೇ ಕಥೆ ಕೇಳಿ ಚಿತ್ರ ಬಿಡಿಸಿತು. ಭಾವನೆಗಳ ತಿಳಿವಳಿಕೆ, ಇನ್ನೊಬ್ಬರ ಮನಸ್ಸನ್ನು ಊಹಿಸುವ ಶಕ್ತಿ, ಅನುಕಂಪ ಇವೆಲ್ಲ ಮಾತನಾಡಿದ ಗುಂಪಿನಲ್ಲಿ ಹೆಚ್ಚಿದವು. ಎರಡೂ ಗುಂಪಿಗೆ ಪುಸ್ತಕ ಒಂದೇ. ಬೇರೆಯಾಗಿದ್ದದ್ದು ಮಾತುಕತೆ.

ಈ ಮಾತುಕತೆ ಸುಲಭದ್ದಲ್ಲ. ಪ್ರಶ್ನೆ ಕೇಳಿ ಮಗು ಉತ್ತರ ಹುಡುಕುವವರೆಗೆ ಸುಮ್ಮನಿರಬೇಕು. "ಅವನು ತಪ್ಪು ಮಾಡಿದ, ಅವನಿಗೆ ಹಾಗೇ ಆಗಬೇಕು" ಎಂದು ಮಗು ಹೇಳಿದರೆ ತಕ್ಷಣ ತಿದ್ದದೆ, ಹಾಗೆ ಯಾಕೆ ಅನ್ನಿಸಿತು ಎಂದು ಕೇಳಬೇಕು. ನಿರೀಕ್ಷಿಸಿದ ಉತ್ತರವನ್ನಷ್ಟೇ ಮೆಚ್ಚಿದರೆ ಮಗು ಬೇಗನೆ ಕಲಿಯುವುದು ದೊಡ್ಡವರಿಗೆ ಬೇಕಾದ ಉತ್ತರವನ್ನು ಒಪ್ಪಿಸುವುದನ್ನು. ಕಿಕ್ಕಿರಿದ ತರಗತಿಯಲ್ಲಿ, ಮುಗಿಸಬೇಕಾದ ಪಾಠಗಳ ಒತ್ತಡದಲ್ಲಿ, ಶಿಕ್ಷಕಿಗೆ ಈ ಬಿಡುವು ಎಲ್ಲಿಂದ ಬರಬೇಕು? ಪುಸ್ತಕ ಕೊಳ್ಳಲು ಹಣ ಮಂಜೂರು ಮಾಡುವ ವ್ಯವಸ್ಥೆ ಸಮಯವನ್ನೂ ತರಬೇತಿಯನ್ನೂ ಮಂಜೂರು ಮಾಡದಿದ್ದರೆ, ಇಟಲಿಯ ಎರಡನೆಯ ಗುಂಪಿನ ಫಲವನ್ನಷ್ಟೇ ನಿರೀಕ್ಷಿಸಬಹುದು.

ಭಾವನೆಯ ಪಾಠ ಹಾನಿ ಮಾಡುತ್ತದೆ ಎನ್ನುವವರ ವಾದ

ಈಗ ಮೊದಲು ಹೇಳಿದ ಬ್ರಿಟನ್ನಿನ ಪ್ರಯೋಗಕ್ಕೆ ಬರಬಹುದು. 85 ಶಾಲೆಗಳ 8,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದ ಆ ಪ್ರಯೋಗದಲ್ಲಿ ಕಲಿಸಿದ್ದು ಮನಸ್ಸನ್ನು ವರ್ತಮಾನದಲ್ಲಿ ನಿಲ್ಲಿಸುವ ಧ್ಯಾನದ ಅಭ್ಯಾಸ. ಸಾಮಾನ್ಯ ಪಾಠಕ್ಕಿಂತ ಇದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ, ಬಹಳಷ್ಟು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಲಿಲ್ಲ. 2023ರಲ್ಲಿ ಆಸ್ಟ್ರೇಲಿಯಾದಲ್ಲಿ ಸಾವಿರಕ್ಕೂ ಹೆಚ್ಚು ಹದಿಹರೆಯದವರಿಗೆ ಭಾವನೆ ನಿಭಾಯಿಸುವ ಕೌಶಲ ಕಲಿಸಿದಾಗ ಫಲಿತಾಂಶ ಇನ್ನೂ ಕಳವಳಕಾರಿಯಾಗಿತ್ತು: ಪಾಠ ಪಡೆದವರಲ್ಲಿ ಖಿನ್ನತೆ, ಆತಂಕದ ಲಕ್ಷಣಗಳು ಪಾಠ ಪಡೆಯದವರಿಗಿಂತ ಹೆಚ್ಚು ಕಂಡವು, ತಂದೆತಾಯಿಗಳೊಂದಿಗಿನ ಸಂಬಂಧವೂ ತುಸು ಹದಗೆಟ್ಟಿತು.

ಮಾನಸಿಕ ತೊಂದರೆಗಳ ಬಗ್ಗೆ ಎಲ್ಲರಿಗೂ ಹೆಚ್ಚು ಹೆಚ್ಚು ಹೇಳುತ್ತ ಹೋದರೆ, ಸಾಮಾನ್ಯ ಬೇಸರವನ್ನೂ ಕಾಯಿಲೆಯೆಂದು ಭಾವಿಸುವ ಅಪಾಯವಿದೆ ಎಂದು ಲೂಸಿ ಫೌಕ್ಸ್ ಮತ್ತು ಜ್ಯಾಕ್ ಆಂಡ್ರ್ಯೂಸ್ 2023ರಲ್ಲಿ ವಾದಿಸಿದರು. ಇದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಪ್ರತಿ ಸಣ್ಣ ಜಗಳದ ನಂತರವೂ "ನಿನ್ನ ಮನಸ್ಸಿನಲ್ಲಿ ಏನಾಗುತ್ತಿದೆ" ಎಂದು ವಿಚಾರಿಸಿದರೆ ಮಗು ತನ್ನನ್ನೇ ಕಾವಲು ಕಾಯುವ ಅಭ್ಯಾಸಕ್ಕೆ ಬೀಳಬಹುದು.

ಆದರೆ ಈ ಫಲಿತಾಂಶಗಳನ್ನು ಚಿತ್ರಪುಸ್ತಕಗಳ ಮೇಲೆ ಹೊರಿಸುವುದು ಸರಿಯಲ್ಲ. ಅಲ್ಲಿದ್ದವರು ಹನ್ನೊಂದರಿಂದ ಹದಿನಾಲ್ಕರ ಆಸುಪಾಸಿನವರು. ಅವರಿಗೆ ಸಿಕ್ಕಿದ್ದು ಕಥೆಯಲ್ಲ, ಚಿಕಿತ್ಸೆಯ ಕೋಣೆಯಿಂದ ತರಗತಿಗೆ ತಂದ ಅಭ್ಯಾಸಗಳು. ಅಲ್ಲಿ ಗಮನ ತನ್ನ ಮನಸ್ಸಿನ ಮೇಲಿರುತ್ತದೆ. ಕಥೆಯಲ್ಲಿ ಗಮನ ಇನ್ನೊಬ್ಬರ ಮೇಲಿರುತ್ತದೆ. ತನ್ನ ದುಃಖದ ಬಗ್ಗೆ ನೇರವಾಗಿ ಕೇಳಿದರೆ ಮುದುಡಿಕೊಳ್ಳುವ ಮಗು, ಪುಟದಲ್ಲಿರುವ ಹುಡುಗಿಯ ದುಃಖದ ಬಗ್ಗೆ ಮಾತನಾಡಬಲ್ಲದು. ಪುಸ್ತಕವೂ ಪಾತ್ರವನ್ನು ಬಿಟ್ಟು "ಈಗ ನಿನ್ನ ಭಾವನೆಗೆ ಬಣ್ಣ ಹಚ್ಚು, ಅಂಕ ಕೊಡು" ಎಂದು ಹೊರಟಾಗ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಎಚ್ಚರ ಬೇಕಾದದ್ದು ಅಲ್ಲಿ.

ಇನ್ನೊಂದು ತೊಡಕೂ ಇದೆ. ಬೇರೆಯವರ ಭಾವನೆ ತಿಳಿಯುವುದು ಮತ್ತು ಅವರ ಬಗ್ಗೆ ಅಂತಃಕರಣ ಇರುವುದು ಎರಡೂ ಒಂದೇ ಅಲ್ಲ. 1999ರಲ್ಲಿ ಬ್ರಿಟನ್ನಿನ ಸಂಶೋಧಕರು ಏಳರಿಂದ ಹತ್ತು ವರ್ಷದ ಮಕ್ಕಳನ್ನು ಅಧ್ಯಯನ ಮಾಡಿದಾಗ, ಇತರರನ್ನು ಪೀಡಿಸುವ ಗುಂಪಿನ ಮುಂದಾಳುಗಳು ಇನ್ನೊಬ್ಬರ ಮನಸ್ಸನ್ನು ಊಹಿಸುವ ಪರೀಕ್ಷೆಯಲ್ಲಿ ತಮ್ಮ ಹಿಂಬಾಲಕರಿಗಿಂತಲೂ ಪೀಡನೆಗೊಳಗಾದವರಿಗಿಂತಲೂ ಮುಂದಿದ್ದರು. ಎಲ್ಲಿ ಮಾತನಾಡಿದರೆ ನೋವಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಭಾವನೆಗಳ ಹೆಸರು ಕಲಿಸುವ ಪುಸ್ತಕ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಆ ತಿಳಿವಳಿಕೆಯಿಂದ ಪಾತ್ರ ಮುಂದೇನು ಮಾಡಿತು, ಯಾರ ಪರ ನಿಂತಿತು, ನಿಂತದ್ದರಿಂದ ಏನು ಕಳೆದುಕೊಂಡಿತು ಎಂಬುದನ್ನು ಕಥೆ ತೋರಿಸಬೇಕು. ಈ ಕೆಲಸ ಒಳ್ಳೆಯ ಕಥೆಗಾರರಿಂದ ಮಾತ್ರ ಸಾಧ್ಯ.

ಮನೆಯ ಹಕ್ಕೋ, ಶಾಲೆಯ ಹೊಣೆಯೋ?

ಅಮೆರಿಕದ ತೀರ್ಪಿನ ಹಿನ್ನೆಲೆ ಹೀಗಿದೆ. ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮೆರಿ ಕೌಂಟಿಯ ಶಾಲಾ ಮಂಡಳಿ 2022ರಲ್ಲಿ, ಸಲಿಂಗಿ ಮತ್ತು ಲಿಂಗತ್ವ ಅಲ್ಪಸಂಖ್ಯಾತ ಪಾತ್ರಗಳಿರುವ ಕೆಲವು ಕಥೆಪುಸ್ತಕಗಳನ್ನು ಪ್ರಾಥಮಿಕ ತರಗತಿಗಳಿಗೆ ಸೇರಿಸಿತು. ಎಲ್ಲ ಬಗೆಯ ಕುಟುಂಬಗಳ ಮಕ್ಕಳೂ ಗೌರವದಿಂದ ಒಟ್ಟಿಗೆ ಇರುವುದನ್ನು ಕಲಿಯಬೇಕು ಎಂಬುದು ಮಂಡಳಿಯ ನಿಲುವು. ಮೊದಲು ಪೋಷಕರಿಗೆ ಮಗುವನ್ನು ಹೊರಗಿಡುವ ಅವಕಾಶವಿತ್ತು; 2023ರ ಮಾರ್ಚ್‌ನಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಮಕ್ಕಳು ಎದ್ದು ಹೊರಗೆ ಹೋಗುವುದನ್ನು ನಿಭಾಯಿಸುವುದು ಕಷ್ಟ, ಅಂಥ ಕುಟುಂಬಗಳಿಂದ ಬಂದ ಮಕ್ಕಳಿಗೆ ಅದರಿಂದ ಅವಮಾನವಾಗುತ್ತದೆ ಎಂದು ಮಂಡಳಿ ಕಾರಣ ಕೊಟ್ಟಿತು. ಮುಸ್ಲಿಂ ಮತ್ತು ಕ್ರೈಸ್ತ ಪೋಷಕರು ಧಾರ್ಮಿಕ ಸ್ವಾತಂತ್ರ್ಯದ ಆಧಾರದ ಮೇಲೆ ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯ ಮುಗಿಯುವವರೆಗೆ ಮುಂಚಿತವಾಗಿ ತಿಳಿಸಬೇಕು, ಹೊರಗಿಡಲು ಬಿಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಸೊಟೊಮೇಯರ್, ಇದರಿಂದ ಸಾರ್ವಜನಿಕ ಶಾಲೆಗಳು ನಡೆಯುವುದೇ ಕಷ್ಟವಾಗಬಹುದು ಎಂದು ಎಚ್ಚರಿಸಿದರು.

ತೀರ್ಪು ಪುಸ್ತಕಗಳನ್ನು ನಿಷೇಧಿಸಲಿಲ್ಲ. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಅಲಿಟೊ ಪುಸ್ತಕಗಳ ಪಠ್ಯವನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ಮಕ್ಕಳು ಪ್ರಶ್ನೆ ಕೇಳಿದರೆ ಏನು ಉತ್ತರಿಸಬೇಕು ಎಂದು ಶಿಕ್ಷಕರಿಗೆ ಕೊಟ್ಟಿದ್ದ ಸೂಚನೆಗಳಿಗೂ ತೂಕ ಕೊಟ್ಟರು. ಓದುವಾಗಿನ ಮಾತುಕತೆಗೆ ಮಗುವಿನ ಮನಸ್ಸನ್ನು ರೂಪಿಸುವ ಶಕ್ತಿಯಿದೆ ಎಂಬುದನ್ನು ಮನೋವಿಜ್ಞಾನಿಗಳ ಹಾಗೆ ನ್ಯಾಯಾಲಯವೂ ಗುರುತಿಸಿತು. ಆ ಶಕ್ತಿ ಇರುವುದರಿಂದಲೇ ಪೋಷಕರ ಭಯವೂ ಸುಳ್ಳಲ್ಲ, ಶಿಕ್ಷಕರ ಭರವಸೆಯೂ ಸುಳ್ಳಲ್ಲ.

ಪೋಷಕರ ವಾದದಲ್ಲಿ ನ್ಯಾಯವಿದೆ: ಎಳೆಯ ಮಗು ಶಿಕ್ಷಕಿಯ ಮಾತನ್ನು ಪ್ರಶ್ನಿಸಲಾರದು, ಮನೆಯಲ್ಲಿ ಕೇಳಿದ್ದಕ್ಕೆ ಶಾಲೆಯಲ್ಲಿ ಕೇಳಿದ್ದು ವಿರುದ್ಧವಾದಾಗ ಅದು ಕಂಗಾಲಾಗುತ್ತದೆ. ಇನ್ನೊಂದು ಬದಿಯ ನ್ಯಾಯವೂ ಅಷ್ಟೇ ದೊಡ್ಡದು. ತನ್ನ ಮನೆಯಂಥ ಮನೆ ಪುಸ್ತಕದಲ್ಲಿ ಬಂದ ಕೂಡಲೇ ಪಕ್ಕದ ಮಕ್ಕಳು ಎದ್ದು ಹೋಗುವುದನ್ನು ಕಾಣುವ ಮಗು ಆ ದಿನ ಕಲಿಯುವ ಪಾಠ ಯಾವ ಪುಟದಲ್ಲೂ ಬರೆದಿರುವುದಿಲ್ಲ. ದಯೆಯ ಪಾಠದ ಹೆಸರಿನಲ್ಲಿ ನಡೆದ ಜಗಳದಲ್ಲಿ ಈ ಮಗುವಿನ ನೋವಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ಈ ಲೇಖನದ ಖಚಿತ ಅಭಿಪ್ರಾಯ.

ಮುಂದೆ ಏನಾಗಬಹುದು?

ತಕ್ಷಣದ ಪರಿಣಾಮ ಅಂಜಿಕೆ. ಯಾವ ಪುಸ್ತಕಕ್ಕೆ ಯಾರು ಆಕ್ಷೇಪಿಸುತ್ತಾರೋ ತಿಳಿಯದ ಶಾಲೆ, ಪ್ರತಿ ಓದಿಗೂ ಮುಂಚಿತವಾಗಿ ನೋಟಿಸ್ ಕಳಿಸುವ ಬದಲು ತಕರಾರಿಗೆ ಎಡೆಯಿಲ್ಲದ ಪುಸ್ತಕಗಳನ್ನೇ ಆರಿಸುತ್ತದೆ. ಪ್ರಕಾಶಕರು ಅದನ್ನು ಗಮನಿಸುತ್ತಾರೆ. ಸಾವು, ಬೇರ್ಪಟ್ಟ ತಂದೆತಾಯಿ, ಬಡತನ, ಅಂಗವೈಕಲ್ಯ, ತಾರತಮ್ಯ ಇಂಥ ನಿಜವಾದ ಸಂಕಟಗಳು ಪುಟದಿಂದ ಹೊರಬೀಳುತ್ತವೆ. ನಗುವ ಮೋಡ, ಅಳುವ ಮೋಡಗಳ ನಿರುಪದ್ರವಿ ಪುಸ್ತಕಗಳು ಉಳಿಯುತ್ತವೆ. ಯಾವ ಮಗುವಿಗೆ ಇಂಥ ಪುಸ್ತಕ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅದಕ್ಕೇ ಸಿಗದಂತಾಗುತ್ತದೆ.

ಎರಡನೆಯದು, ಓದುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು. ತಾನೇ ಓದಿ ಹೇಳುವ, ಮಗುವಿನ ಹೆಸರನ್ನೇ ಕಥೆಯಲ್ಲಿ ಸೇರಿಸುವ ಆ್ಯಪ್‌ಗಳು ಸುಲಭವಾಗಿ ಸಿಗುತ್ತಿವೆ. 2019ರ ಅಧ್ಯಯನವೊಂದರಲ್ಲಿ ಎಳೆಯ ಮಕ್ಕಳೊಂದಿಗೆ ಪರದೆಯ ಪುಸ್ತಕ ನೋಡಿದಾಗ ತಂದೆತಾಯಿ ಮತ್ತು ಮಗುವಿನ ನಡುವಿನ ಮಾತು ಕಾಗದದ ಪುಸ್ತಕಕ್ಕೆ ಹೋಲಿಸಿದರೆ ಕಡಿಮೆಯಾಗಿತ್ತು. ಫಲ ಕೊಡುವುದು ಮಾತುಕತೆಯೇ ಆಗಿದ್ದರೆ, ಮಾತನ್ನು ಕಡಿಮೆ ಮಾಡುವ ಯಾವ ಅನುಕೂಲವೂ ಮಗುವಿನ ಪಾಲಿಗೆ ನಷ್ಟ.

ಮೂರನೆಯದು ಅಸಮಾನತೆ. ಇದೆಲ್ಲ ಮನೆಯಲ್ಲೇ ಆಗಲಿ, ಶಾಲೆಗೆ ಬೇಡ ಎಂಬ ವಾದ ಗೆದ್ದರೆ, ಮನೆಯಲ್ಲಿ ಪುಸ್ತಕವೂ ಬಿಡುವೂ ಇರುವ ಮಕ್ಕಳಿಗೆ ಏನೂ ಕಳೆಯುವುದಿಲ್ಲ. ಎರಡೂ ಇಲ್ಲದ ಮನೆಯ ಮಕ್ಕಳಿಗೆ ಶಾಲೆ ಮತ್ತು ಸಾರ್ವಜನಿಕ ಗ್ರಂಥಾಲಯ ಬಿಟ್ಟರೆ ಬೇರೆ ಆಸರೆ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ, ಹುಟ್ಟಿದಾಗಿನಿಂದ ಮಗುವಿಗೆ ಗಟ್ಟಿಯಾಗಿ ಓದಿ ಹೇಳುವಂತೆ ತಂದೆತಾಯಿಗಳಿಗೆ ಹೇಳಬೇಕೆಂದು ವೈದ್ಯರಿಗೆ ಸೂಚಿಸಿತ್ತು. ಆಸ್ಪತ್ರೆಯ ಭೇಟಿಯಲ್ಲೇ ಪುಸ್ತಕ ಕೈಗಿಡುವ ಕಾರ್ಯಕ್ರಮ ಬಾಸ್ಟನ್‌ನಲ್ಲಿ 1989ರಿಂದ ಇದೆ. ಶಾಲೆಯ ತಂಟೆಗೆ ಹೋಗದೆ ಮನೆಯ ಓದನ್ನು ಬೆಳೆಸುವ ಇಂಥ ಮಾರ್ಗಗಳು ಜಗಳದ ಗದ್ದಲದಲ್ಲಿ ಕಾಣದೆ ಹೋಗಬಾರದು.

ಹೀಗಾಗಿ ಇಂಥ ಪುಸ್ತಕಗಳ ಯಾವುದೇ ಹೊಸ ಯೋಜನೆ ಪ್ರಕಟವಾದಾಗ ಕೇಳಬೇಕಾದ ಪ್ರಶ್ನೆಗಳು ಬೇರೆಯಾಗುತ್ತವೆ. ಎಷ್ಟು ಪುಸ್ತಕ ಕೊಂಡರು ಎಂಬುದಕ್ಕಿಂತ, ಒಬ್ಬ ಶಿಕ್ಷಕಿ ಎಷ್ಟು ಮಕ್ಕಳೊಂದಿಗೆ ಎಷ್ಟು ಹೊತ್ತು ಕೂರುತ್ತಾಳೆ, ಅವಳಿಗೆ ಈ ಬಗೆಯ ಮಾತುಕತೆಯ ತರಬೇತಿ ಸಿಕ್ಕಿದೆಯೇ, ಮಕ್ಕಳ ಪ್ರಶ್ನೆಗಳಿಗೆ ಅವಳ ಕೈಗೆ ಕೊಟ್ಟ ಸೂಚನೆಗಳಲ್ಲಿ ಏನಿದೆ, ಆ ಸೂಚನೆಗಳನ್ನು ಪೋಷಕರು ಮೊದಲೇ ಓದಬಹುದೇ, ಪುಸ್ತಕ ಮನೆಗೂ ಹೋಗುತ್ತದೆಯೇ ಎಂಬುದನ್ನು ಕೇಳಬೇಕು. ಯೋಜನೆಯ ಫಲವನ್ನು ಅಳೆಯುವುದಾಗಿ ಹೇಳಿದರೆ, ಅಳೆಯುವುದು ಮಕ್ಕಳು ಒಪ್ಪಿಸುವ ಭಾವನೆಗಳ ಪಟ್ಟಿಯನ್ನೋ, ಆಟದ ಮೈದಾನದಲ್ಲಿ ಒಂಟಿಯಾಗಿ ನಿಂತ ಮಗುವನ್ನು ಉಳಿದವರು ನಡೆಸಿಕೊಳ್ಳುವ ರೀತಿಯನ್ನೋ ಎಂಬುದನ್ನೂ ಕೇಳಬೇಕು.